ರೇಸಿಂಗ್ ಎಂಜಿನ್ನಿನ ನೀರಿನ ಕೊಳವೆ ಸೋರಿದರೆ ಸಿಲಿಕೋನ್ ಮೆತ್ತಬಹುದಾ?

ಪ್ರಶ್ನೆ: ಗಲ್ಫಿನಿಂದ ಬರುವಾಗ 1950ರ ದಶಕದ ಮರ್ಕ್ಯುರಿ ಮಾರ್ಕ್ 20ಹೆಚ್ ರೇಸಿಂಗ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್) ತಂದಿದ್ದೇನೆ. ಚಂದ್ರಗಿರಿ ಹೊಳೆಯಲ್ಲಿ ಜೋರಾಗಿ ಓಡಿಸಿದರೆ ತೊಂದರೆಯಿಲ್ಲ. ನಿಧಾನಕ್ಕೆ ಹೋದರೆ ಮಾತ್ರ ಸಿಲಿಂಡರ್ ಮುಟ್ಟಲಾಗದಷ್ಟು ಬಿಸಿ. ಬಿಚ್ಚಿ ನೋಡಿದೆ, ನೀರಿನ ಕೊಳವೆ ಮೇಲೆ ಎಂಜಿನ್ನಿಗೆ ಸೇರುವಲ್ಲಿ ಸೋರಿದ ಗುರುತಿದೆ. ಸಿಲಿಕೋನ್ ಮೆತ್ತಿದರೆ ಸಾಕಾ, ಬೆಸುಗೆ ಹಾಕಿಸಬೇಕಾ? (ಮೊಗ್ರಾಲಿನ ಒಬ್ಬ ಓದುಗರು)

ಉತ್ತರ: ಎರಡೂ ಬೇಡ. ಆ ಕೊಳವೆಯನ್ನು ಅಂಟಿಸಬಾರದು. ರಬ್ಬರ್ ಅದನ್ನು ಸುತ್ತಲೂ ಹಿಡಿದುಕೊಳ್ಳಬೇಕು, ಅಷ್ಟೇ.

ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದನ್ನು ಜಾಸ್ತಿ ಹೇಳಬೇಕಾಗಿಲ್ಲ. ಪೈಪಿಗೆ ಪೈಪ್ ಸಿಕ್ಕಿಸಿ ಕ್ಲಾಂಪ್ ಎಳೆದಿರುತ್ತೇವೆ. ಕೈಯಲ್ಲಿ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಆದರೆ ಪಂಪ್ ಹಾಕಿದ ಮೇಲೆ ಜಾಯಿಂಟಿನಲ್ಲಿ ಸೋರುವುದು ನಿಲ್ಲುತ್ತದೆ, ಯಾಕೆಂದರೆ ಒಳಗೆ ರಬ್ಬರ್ ರಿಂಗ್ ಉಂಟು. ಔಟ್‌ಬೋರ್ಡಿನ ಕೊಳವೆಯೂ ಇದೇ ಜಾತಿ. ಅದಕ್ಕೆ ಸ್ವಲ್ಪ ಜಾರಲು ಜಾಗ ಬೇಕು.

ಯಾಕೆ ಜಾರಬೇಕು? ಕೊಳವೆಯ ಒಳಗೆ ಹೋಗುವುದು ಹೊಳೆಯ ತಣ್ಣೀರು. ಅದರ ಸುತ್ತ, ಎಂಜಿನ್ನಿನಿಂದ ನೀರಿಗೆ ಇಳಿಯುವ ಅಲ್ಯೂಮಿನಿಯಂ ಕಾಲಿನೊಳಗೆ, ಎಂಜಿನ್ನಿನ ಬಿಸಿ ಹೊಗೆ. 40 ಸೆಂ.ಮೀ. ಉದ್ದದ ಅಲ್ಯೂಮಿನಿಯಂ 60 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಅರ್ಧ ಮಿಲಿಮೀಟರ್ ಬೆಳೆಯುತ್ತದೆ. ಒಳಗಿನ ಕೊಳವೆ ತಣ್ಣಗಿರುವುದರಿಂದ ಅಷ್ಟು ಬೆಳೆಯುವುದಿಲ್ಲ. ಎರಡೂ ತುದಿಗೆ ಬೆಸುಗೆ ಹಾಕಿದಿರೋ, ಈ ಎಳೆದಾಟದಲ್ಲಿ ಒಂದು ತುದಿ ಬಿರುಕು ಬಿಡುತ್ತದೆ. ಮೇಲಿಂದ ರೇಸಿಂಗ್ ಎಂಜಿನ್ನಿನ ನಡುಕ ಬೇರೆ.

ಇನ್ನು, ನಿಧಾನಕ್ಕೆ ಹೋದಾಗಲೇ ಯಾಕೆ ಬಿಸಿ? ನಮ್ಮ ಕಡಪ್ಪುರದ ಮೀನುಗಾರರ ಎಂಜಿನ್ನಿನಲ್ಲಿ ರಬ್ಬರ್ ರೆಕ್ಕೆಯ ಪಂಪ್ ಇರುತ್ತದೆ. ದೋಣಿ ನಿಂತಲ್ಲೇ ಇದ್ದರೂ ಅದು ನೀರು ಎತ್ತುತ್ತದೆ. ನಿಮ್ಮದರ ಕ್ವಿಕ್‌ಸಿಲ್ವರ್ ರೇಸಿಂಗ್ ಲೋವರ್ ಯೂನಿಟ್‌ನಲ್ಲಿ, ಅಂದರೆ ನೀರಲ್ಲಿ ಮುಳುಗುವ ಪ್ರೊಪೆಲ್ಲರಿನ ಭಾಗದಲ್ಲಿ, ಪಂಪೇ ಇಲ್ಲ. ದೋಣಿಯ ಓಟ ಮತ್ತು ಪ್ರೊಪೆಲ್ಲರ್ ತಳ್ಳುವ ನೀರು, ಇವೆರಡೇ ಆಧಾರ. ಬರೀ ಓಟದ ಲೆಕ್ಕ ನೋಡಿ: ಗಂಟೆಗೆ 60 ಕಿ.ಮೀ. ವೇಗದಲ್ಲಿ ನೀರಿನ ಒತ್ತಡ ಸುಮಾರು 14 ಮೀಟರ್ ಎತ್ತರಕ್ಕೆ ಏರಿಸುವಷ್ಟು. ಅದೇ 10 ಕಿ.ಮೀ. ವೇಗದಲ್ಲಿ 40 ಸೆಂ.ಮೀ. ಮಾತ್ರ! ಜೋರಾಗಿ ಹೋಗುವಾಗ ಸ್ವಲ್ಪ ಸೋರಿದರೂ ಎಂಜಿನ್ನಿಗೆ ಸಾಕಷ್ಟು ಉಳಿಯುತ್ತದೆ. ನಿಧಾನಕ್ಕೆ ಹೋಗುವಾಗ ಬರುವುದೇ ಚೂರು, ಅದೂ ದಾರಿಯಲ್ಲೇ ಖಾಲಿ. ಸೋರಿದ ನೀರು ಹೊಗೆಯ ಜೊತೆ ಕೆಳಗೆ ಹೋಗಿಬಿಡುತ್ತದೆ, ಹಾಗಾಗಿ ಹೊರಗಿಂದ ಒಂದು ಹನಿಯೂ ಕಾಣುವುದಿಲ್ಲ. ನೀವು ಬಿಚ್ಚಿ ನೋಡಿದ್ದು ಒಳ್ಳೆಯದೇ ಆಯಿತು.

ಸಿಲಿಕೋನ್ ವಿಷಯದಲ್ಲಿ ನನಗೆ ಪೆಟ್ಟು ಬಿದ್ದಿದೆ. ವರ್ಷಗಳ ಹಿಂದೆ ಒಂದು ಹಳೆ ಎಂಜಿನ್ನಿಗೆ, ಇರಲಿ ಅಂತ ಧಾರಾಳವಾಗಿ ಮೆತ್ತಿದ್ದೆ. ಒಳಗಡೆ ಹಿಂಡಿಕೊಂಡು ಬಂದ ತುಣುಕೊಂದು ಗಟ್ಟಿಯಾಗಿ, ಕಿತ್ತು, ನೀರಿನ ಜೊತೆ ಮೇಲೆ ಹೋಗಿ ಸಿಲಿಂಡರಿನ ದಾರಿಗೆ ಬಿರಡೆ ಹಾಕಿತು. ಪಿಸ್ಟನ್ ಹೋಯಿತು. ಬಿಚ್ಚಿದಾಗ ಸಿಕ್ಕಿದ್ದು ಕಡಲೆಬೇಳೆಯಷ್ಟು ಸಿಲಿಕೋನ್. ಅದೂ ಅಲ್ಲದೆ ವಿನೆಗರ್ ವಾಸನೆಯ ಮಾಮೂಲಿ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಕೊಳವೆ ತಾಮ್ರದ್ದಾದರೆ ಅದಕ್ಕೆ ಒಳ್ಳೆಯದಲ್ಲ. ಎಂ-ಸೀಲ್ ನೀರಿನ ಟಾಂಕಿಗೆ ಸರಿ, ಜಾರುವ ಕೊಳವೆಗೆ ಅಲ್ಲ. ಟೆಫ್ಲಾನ್ ಟೇಪ್ ಇರುವುದು ಥ್ರೆಡ್ಡಿಗೆ.

ಹಾಗಾದರೆ ಮಾಡುವುದೇನು? ಮೊದಲು ಕೊಳವೆ ನೋಡಿ, ರಬ್ಬರ್ ಆಮೇಲೆ. ಜನ ಹೊಸ ರಬ್ಬರ್ ಹುಡುಕಿ ಸುಸ್ತಾಗುತ್ತಾರೆ, ತಪ್ಪು ಇರುವುದು ಎಷ್ಟೋ ಸಲ ಕೊಳವೆಯ ತುದಿಯಲ್ಲಿ. ಉಗುರನ್ನು ಸುತ್ತಲೂ ಸವರಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಉದ್ದ ಗೀರು ಉಂಟು ಅಂತ ಅರ್ಥ. ಉದ್ದುದ್ದದ ಗೀರು ಅಂದರೆ ನೀರಿಗೆ ತೋಡು ಕಡಿದುಕೊಟ್ಟ ಹಾಗೆ. 400 ನಂಬರಿನ ಎಮರಿ, ಆಮೇಲೆ 600ರದ್ದು, ನೀರು ಮುಟ್ಟಿಸಿ ತಿಕ್ಕಿ. ಸುತ್ತಲೂ ತಿಕ್ಕಬೇಕು, ಮೇಲೆ ಕೆಳಗೆ ಅಲ್ಲ. ತುದಿಯ ಚೂಪು ಅಂಚನ್ನು ಸ್ವಲ್ಪ ಇಳಿಜಾರು ಮಾಡಿ. ಇಲ್ಲದಿದ್ದರೆ ಸಿಕ್ಕಿಸುವಾಗ ಅದೇ ಹೊಸ ರಬ್ಬರನ್ನು ಸೀಳುತ್ತದೆ. ವರ್ನಿಯರ್ ಹಿಡಿದು ತುದಿಯ ವ್ಯಾಸವನ್ನು ಎರಡು ಮೂರು ದಿಕ್ಕಿನಿಂದ ಅಳೆಯಿರಿ. ಯಾರೋ ಹಿಂದೆ ಇಕ್ಕಳದಲ್ಲಿ ಹಿಡಿದು ತಿರುಗಿಸಿದ್ದರೆ ಮೊಟ್ಟೆಯಾಕಾರ ಆಗಿರುತ್ತದೆ. ಆಗ ಎಂಥ ರಬ್ಬರ್ ಹಾಕಿದರೂ ದಂಡ.

ರಬ್ಬರ್ ನೈಟ್ರೈಲ್ (ಎಣ್ಣೆ ತಡೆಯುವ ಕೃತಕ ರಬ್ಬರ್) ಇರಲಿ. ನಮ್ಮ ಊರಲ್ಲಿ ರಬ್ಬರ್ ತೋಟಕ್ಕೇನೂ ಬರವಿಲ್ಲ, ಆದರೆ ತೋಟದ ರಬ್ಬರ್ ಪೆಟ್ರೋಲ್, ಆಯಿಲ್ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಸೈಕಲ್ ಟ್ಯೂಬಿನ ಚೂರು ಅಡಿಕೆಗೆ ಮದ್ದು ಬಿಡುವ ಪಂಪಿಗೆ ನಡೆಯಬಹುದು, ಇಲ್ಲಿ ಬೇಡ. ಹಳೆ ರಬ್ಬರ್ ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ. ಅದು ವರ್ಷಗಟ್ಟಲೆ ಒತ್ತಿಸಿಕೊಂಡು ಚಪ್ಪಟೆಯಾಗಿದೆ, ಅದರ ಅಳತೆ ಸುಳ್ಳು. ಅದು ಕೂರುವ ಗೂಡನ್ನು ಅಳೆಯಿರಿ. ಓ-ರಿಂಗ್ ಆದರೆ ಅದರ ದಪ್ಪ ಸುಮಾರು ಐದರಲ್ಲಿ ಒಂದು ಪಾಲು ಅಮುಕಿಕೊಳ್ಳಬೇಕು. ಅಂದರೆ 3 ಮಿ.ಮೀ. ರಿಂಗಿಗೆ 2.4 ಮಿ.ಮೀ. ಜಾಗ. ಇನ್ನೂ ಬಿಗಿ ಇರಲಿ ಅಂತ ದಪ್ಪದ್ದು ತುರುಕಬೇಡಿ. ರಬ್ಬರ್ ಆಕಾರ ಬದಲಿಸುತ್ತದೆಯೇ ಹೊರತು ಕುಗ್ಗುವುದಿಲ್ಲ, ಪಕ್ಕಕ್ಕೆ ಹರಡಲು ಜಾಗ ಬೇಕೇ ಬೇಕು. ಕೂರಿಸುವಾಗ ಸೋಪು ನೀರು ಸಾಕು.

ಉಪ್ಪಿನ ಮಾತು ಹೇಳಲೇಬೇಕು. ಬೇಸಿಗೆಯಲ್ಲಿ ಚಂದ್ರಗಿರಿಯ ಉಪ್ಪುನೀರು ಬಾವಿಕ್ಕೆರೆಯವರೆಗೂ ಏರಿ, ಕಾಸರಗೋಡು ಪೇಟೆಯವರು ಉಪ್ಪುನೀರು ಕುಡಿದ ವರ್ಷಗಳು ನಿಮಗೂ ನೆನಪಿರಬಹುದು. ಅಲ್ಯೂಮಿನಿಯಂ ಮತ್ತು ತಾಮ್ರದ ನಡುವೆ ಉಪ್ಪುನೀರು ನಿಂತರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಗೂಡಿನ ಸುತ್ತ ಸುಣ್ಣದಂಥ ಬಿಳಿ ಪುಡಿ ಕಂಡರೆ ಕೆರೆದು ತೆಗೆಯಿರಿ. ಕೆಳಗೆ ಗುಂಡಿ ಬಿದ್ದಿದ್ದರೆ ಲೇತಿನಲ್ಲಿ ಬುಷ್ (ಗೂಡಿನೊಳಗೆ ಕೂರುವ ಲೋಹದ ಬಳೆ) ಹಾಕಿಸುವುದೇ ದಾರಿ. ಪ್ರತಿ ಸಲ ಓಡಿಸಿದ ಮೇಲೆ ಬಾವಿ ನೀರನ್ನು ಹೋಸಿನಲ್ಲಿ ಕೊಳವೆಯೊಳಗೆ ಬಿಡಿ.

ಎಲ್ಲ ಜೋಡಿಸಿ ಒಂದು ಸಲ ಓಡಿಸಿ. ಆಮೇಲೆ ಬೇಜಾರಾದರೂ ಮತ್ತೆ ಬಿಚ್ಚಿ ಕೊಳವೆ ಎಳೆಯಿರಿ. ರಬ್ಬರ್ ಕೂತಲ್ಲಿ ಕಪ್ಪು ಬಳೆಯ ಹಾಗೆ ಒಂದು ಗುರುತು ಬಿದ್ದಿರುತ್ತದೆ. ಅದು ಸುತ್ತಲೂ ಒಂದೇ ಅಗಲ ಇದ್ದರೆ ಕೊಳವೆಯನ್ನು ವಾಪಸ್ ಹಾಕಿ ಬೋಲ್ಟ್ ಬಿಗಿ ಮಾಡಿ. ಒಂದು ಕಡೆ ತೆಳ್ಳಗಾಗಿ ಕಡಿದಿದ್ದರೆ, ಸೋರುವುದು ಅಲ್ಲೇ.