ಹಳೆ ಕಾರಿನ ವಿಮೆ: ಆರ್‌ಸಿಯ ಪಟ್ಟಿ, ಪಾಲಿಸಿಯ ಪಟ್ಟಿ

ಮನೆಯಲ್ಲಿ ಹಳೆಯ ಫಿಯೆಟ್ 1100, ಅಂಬಾಸಿಡರ್ ಮಾರ್ಕ್ 2 ಅಥವಾ ಸ್ಟ್ಯಾಂಡರ್ಡ್ ಹೆರಾಲ್ಡ್ ಇದ್ದು, ಅದಕ್ಕೆ ಯಾವ ವಿಮೆ ಮಾಡಿಸುವುದು ಅಂತ ಓದುತ್ತಿರುವವರಿಗೆ ಈ ಟಿಪ್ಪಣಿ. ಥರ್ಡ್ ಪಾರ್ಟಿ ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ, ಓನ್ ಡ್ಯಾಮೇಜ್ ಅಂದರೆ ನಮ್ಮ ಕಾರಿಗೇ ಆಗುವ ಹಾನಿಗೆ ಇರುವ ರಕ್ಷಣೆ. ಇಷ್ಟು ಗೊತ್ತಿದ್ದರೆ ಸಾಕು. ಹಳೆ ಕಾರಿನಲ್ಲಿ ಹೊಸದಾಗಿ ಕಲಿಯಬೇಕಾದದ್ದು ಎರಡು: ಕಾರಿನ ಬೆಲೆ ಹೇಗೆ ಕಟ್ಟುತ್ತಾರೆ, ಕಾರನ್ನು ಎಲ್ಲೆಲ್ಲಿಗೆ ಓಡಿಸಬಹುದು. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಎರಡನೆಯದು. ಹಾಗಾಗಿ ಅದೇ ಇಲ್ಲಿ ಉದ್ದವಾಗಿದೆ.

ಯಾವ ಕಾರು ವಿಂಟೇಜ್?

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ನಿಯಮ ಸೇರಿಸಿತು. 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಷಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹೊಸ ನಂಬರ್ ಕೊಟ್ಟರೆ ರಾಜ್ಯದ ಅಕ್ಷರಗಳ ನಂತರ 'ವಿಎ' ಅಂತ ಬರುತ್ತದೆ. ಮೊದಲೇ ಭಾರತದಲ್ಲಿ ನೋಂದಣಿಯಾಗಿದ್ದ ಕಾರು ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು.

ವಿಮೆಯ ಕಡೆ ವಯಸ್ಸಿನ ಲೆಕ್ಕ ಬೇರೆ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್ (ವಾಹನ ವಿಮೆಯ ದರ, ಷರತ್ತುಗಳ ಪುಸ್ತಕ) ಪ್ರಕಾರ 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾಗಿ, ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದದ್ದು ಮಾತ್ರ ವಿಂಟೇಜ್ ಕಾರು. ಟ್ಯಾರಿಫ್‌ನ ಓನ್ ಡ್ಯಾಮೇಜ್ ದರಗಳು 2007ರಿಂದ ಕಡ್ಡಾಯವಲ್ಲ. ಆದರೆ ಪಾಲಿಸಿಯ ಒಕ್ಕಣೆ ಬಹುಪಾಲು ಅಲ್ಲಿಂದಲೇ ಬಂದದ್ದು. ಅಂದರೆ 1970ರ ಫಿಯೆಟ್ ಆರ್‌ಟಿಒಗೆ ವಿಂಟೇಜ್, ಹಳೆ ಟ್ಯಾರಿಫ್‌ಗೆ ಅಲ್ಲ. ಏಜೆಂಟರು 'ಇದು ವಿಂಟೇಜೇ ಅಲ್ಲ' ಅಂದರೆ ಗಾಬರಿಯಾಗಬೇಡಿ. ಯಾವ ಪುಸ್ತಕ ನೋಡಿ ಹೇಳುತ್ತಿದ್ದಾರೆ ಅಂತ ಕೇಳಿ.

ಬೆಲೆಯ ಲೆಕ್ಕ

ಮಾಮೂಲಿ ಕಾರಿನ ಐಡಿವಿಗೆ (ಪಾಲಿಸಿಯಲ್ಲಿ ಬರೆಯುವ ಕಾರಿನ ಬೆಲೆಗೆ) ಒಂದು ಕೋಷ್ಟಕ ಇದೆ. ನಾಲ್ಕರಿಂದ ಐದನೇ ವರ್ಷಕ್ಕೆ ಬರುವಷ್ಟರಲ್ಲಿ ಶೇ. 50 ಸವಕಳಿ. ಕೋಷ್ಟಕ ಅಲ್ಲಿಗೇ ಮುಗಿಯುತ್ತದೆ. ಐದು ವರ್ಷ ದಾಟಿದ ಕಾರು, ತಯಾರಿಕೆ ನಿಂತ ಮಾಡೆಲ್, ಇವೆರಡಕ್ಕೂ ಐಡಿವಿ ಎಷ್ಟು ಅನ್ನುವುದು ಕಂಪನಿಯೂ ಮಾಲೀಕರೂ ಸೇರಿ ಒಪ್ಪಿಕೊಳ್ಳುವ ಮಾತು. ನಮಗೆ ಇದು ಬಹಳ ಒಳ್ಳೆಯದು. ಏಕೆಂದರೆ ಒಮ್ಮೆ ಒಪ್ಪಿದ ಐಡಿವಿಯನ್ನು ಆ ಪಾಲಿಸಿ ಅವಧಿ ಪೂರ್ತಿ ಮಾರುಕಟ್ಟೆ ಬೆಲೆ ಅಂತಲೇ ನೋಡಬೇಕು. ಟೋಟಲ್ ಲಾಸ್ ಆದರೆ, ಅಂದರೆ ಕಾರು ಪೂರ್ತಿ ಹೋಯಿತು ಅಂತ ಲೆಕ್ಕ ಹಾಕಿದರೆ, ಮತ್ತೆ ಸವಕಳಿ ಹಿಡಿಯುವಂತಿಲ್ಲ. ಆ 1940ಕ್ಕೆ ಮುಂಚಿನ ಕಾರುಗಳಿಗೆ ಟ್ಯಾರಿಫ್ ಇನ್ನೊಂದು ಅನುಕೂಲ ಕೊಟ್ಟಿತ್ತು: ಅಗ್ರೀಡ್ ವ್ಯಾಲ್ಯೂ ಪಾಲಿಸಿ, ಅಂದರೆ ಟೋಟಲ್ ಲಾಸ್ ಆದರೆ ಮೊದಲೇ ಒಪ್ಪಿದ ಮೊತ್ತವನ್ನು ಸವಕಳಿ ಹಿಡಿಯದೆ ಕೊಡುವ ಪಾಲಿಸಿ. ಬೇರೆ ಕಾರುಗಳಿಗೆ ಅದನ್ನು ಕೊಡಲು ಅವಕಾಶವೇ ಇರಲಿಲ್ಲ.

ಪ್ರೀಮಿಯಂ ಉಳಿಸೋಣ ಅಂತ ಐಡಿವಿ ಕಡಿಮೆ ಹಾಕಿಸುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಾರನ್ನು ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್ ಅಂತ ಬರೆದುಬಿಡುತ್ತಾರೆ. ಕಾರಿನ ನಿಜವಾದ ಬೆಲೆ 6 ಲಕ್ಷ, ಐಡಿವಿ 2 ಲಕ್ಷ ಅಂದುಕೊಳ್ಳಿ. ಒಂದು ಡಿಕ್ಕಿಯಲ್ಲಿ ರಿಪೇರಿ ಖರ್ಚು 1.6 ಲಕ್ಷ ಆಗುತ್ತದೆ. 2 ಲಕ್ಷದ ಶೇ. 75 ಅಂದರೆ 1.5 ಲಕ್ಷ. ಮಿತಿ ದಾಟಿತು. ಆರಾಮಾಗಿ ಸರಿಮಾಡಬಹುದಾದ ಕಾರು ಕಾಗದದ ಮೇಲೆ ಸತ್ತುಹೋಯಿತು. ಐಡಿವಿ 6 ಲಕ್ಷ ಇದ್ದಿದ್ದರೆ ಮಿತಿ 4.5 ಲಕ್ಷ, ಕಾರು ನೆಟ್ಟಗೆ ಗ್ಯಾರೇಜಿಗೆ ಹೋಗುತ್ತಿತ್ತು.

ಇನ್ನೊಂದು ವಿಷಯ ಇಲ್ಲೇ ಬರೆದುಬಿಡುತ್ತೇನೆ. ಒಳ್ಳೆ ಐಡಿವಿ ಕಾಪಾಡುವುದು ಟೋಟಲ್ ಲಾಸ್‌ನಲ್ಲಿ. ಸಣ್ಣಪುಟ್ಟ ಅಪಘಾತದಲ್ಲಿ ಬಿಡಿಭಾಗಗಳ ಸವಕಳಿ ಬೇರೆಯೇ ನಡೆಯುತ್ತದೆ. 10 ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇ. 50 ಕಡಿತ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೂ ಶೇ. 50. ಗಾಜಿಗೆ ಕಡಿತ ಇಲ್ಲ. ಉದಾಹರಣೆಗೆ ಲೋಹದ ಭಾಗ 40,000, ರಬ್ಬರ್ 6,000, ಗಾಜು 10,000, ಕೂಲಿ 25,000. ಬಿಲ್ಲು ಒಟ್ಟು 81,000. ಸಿಗುವುದು 20,000 + 3,000 + 10,000 + 25,000, ಅಂದರೆ 58,000. ಅದರಲ್ಲಿ 1,500 ಸಿಸಿವರೆಗಿನ ಕಾರಿನ ಕಡ್ಡಾಯ ಕಡಿತ 1,000 ಕಳೆದರೆ 57,000. ಉಳಿದ 24,000 ನಮ್ಮ ಕೈಯಿಂದ. ಇದಕ್ಕೆ ಮದ್ದಾದ ಜೀರೋ ಡೆಪ್ (ಬಿಡಿಭಾಗಕ್ಕೆ ಸವಕಳಿ ಹಿಡಿಯದ ಹೆಚ್ಚುವರಿ ರಕ್ಷಣೆ) ಸಾಮಾನ್ಯವಾಗಿ ಹೊಸ ಕಾರುಗಳಿಗೇ ಸಿಗುವುದು. ಹಾಗಾಗಿ ಬಿಡಿಭಾಗಕ್ಕೆ ಅಂತ ಒಂದಿಷ್ಟು ದುಡ್ಡು ಬೇರೆ ಎತ್ತಿಡುವುದೇ ವಾಸಿ.

ಎಲ್ಲಿಗೆ ಓಡಿಸಬಹುದು: ಎರಡು ಪಟ್ಟಿ

ಇಲ್ಲಿ ನಿಧಾನವಾಗಿ ಓದಿ. ಬಳಕೆಯ ಮಿತಿ ಬರುವುದು ಎರಡು ಕಡೆಯಿಂದ. ಒಂದು ವಿಂಟೇಜ್ ಆರ್‌ಸಿ (ನೋಂದಣಿ ಪತ್ರ), ಇನ್ನೊಂದು ಪಾಲಿಸಿ. ಎರಡೂ ಒಂದೇ ಮಾತು ಹೇಳುತ್ತವೆ ಅಂದುಕೊಂಡರೆ ಯಾವುದೂ ಅರ್ಥವಾಗುವುದಿಲ್ಲ.

ಆರ್‌ಸಿಯ ಪಟ್ಟಿ 'ಇಷ್ಟಕ್ಕೆ ಮಾತ್ರ' ಅನ್ನುತ್ತದೆ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಮತ್ತೆ ಪ್ರದರ್ಶನಕ್ಕೋ ರ‍್ಯಾಲಿಗೋ ಹೋಗಿ ಬರುವ ದಾರಿ. ಪಟ್ಟಿಯಲ್ಲಿ ಇಲ್ಲದ್ದು ಇಲ್ಲ. ದಿನನಿತ್ಯದ ಓಡಾಟ, ವ್ಯಾಪಾರದ ಬಳಕೆ ಎರಡೂ ಕೂಡದು.

ಪಾಲಿಸಿಯ ಪಟ್ಟಿ ಉಲ್ಟಾ. 'ಇಷ್ಟು ಬಿಟ್ಟು ಎಲ್ಲಕ್ಕೂ' ಅನ್ನುತ್ತದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಿಟ್ಟಿರುವುದು ಇವು: ಬಾಡಿಗೆ, ಸರಕು ಸಾಗಣೆ, ರೇಸು, ಪೇಸ್ ಮೇಕಿಂಗ್ (ರೇಸಿನಲ್ಲಿ ಮುಂದೆ ಓಡಿ ವೇಗ ಹಿಡಿಸುವುದು), ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಕಾರು ಎಷ್ಟು ತಾಳುತ್ತದೆ ಅನ್ನುವ ಓಟದ ಪರೀಕ್ಷೆ), ಮೋಟಾರು ವ್ಯಾಪಾರಕ್ಕೆ ಸಂಬಂಧಿಸಿದ ಬಳಕೆ. ಈ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಇದೆ.

ಒಂದೇ ಬಾಗಿಲಿಗೆ ಎರಡು ಬೀಗ ಇದ್ದ ಹಾಗೆ. ಒಂದು ತೆಗೆದರೆ ಸಾಲದು. ಹಾಗಾಗಿ ಪ್ರತಿ ಸಲ ಹೊರಡುವಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಆರ್‌ಸಿಯ ಪಟ್ಟಿಯಲ್ಲಿ ಇದೆಯಾ? ಪಾಲಿಸಿಯ ಪಟ್ಟಿಯಲ್ಲಿ ಇಲ್ಲವಾ? ಮೊದಲನೆಯದಕ್ಕೆ 'ಇದೆ', ಎರಡನೆಯದಕ್ಕೆ 'ಇಲ್ಲ' ಅಂತ ಬಂದರೆ ಹೊರಡಿ.

ಪೆಟ್ರೋಲ್ ಬಂಕಿಗೆ ಹೋಗುತ್ತೀರಿ. ಇದೆ, ಇಲ್ಲ. ಸರಿ. ಮೆಕ್ಯಾನಿಕ್ ಹತ್ತಿರವೂ ಸರಿ. ಭಾನುವಾರ ಬೆಳಿಗ್ಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಬಸವನಗುಡಿಗೆ ದೋಸೆ ತಿನ್ನಲು ಹೊರಟರೆ? ಪಾಲಿಸಿಗೆ ಅಡ್ಡಿಯಿಲ್ಲ, ಆರ್‌ಸಿ ಒಪ್ಪುವುದಿಲ್ಲ. ಅಣ್ಣನ ಮಗಳ ಮದುವೆಗೆ ಸುಮ್ನೆ ಪ್ರೀತಿಯಿಂದ ಕಾರು ಒಯ್ದರೂ ಹಾಗೇ. ಅದೇ ಮದುವೆಗೆ ದುಡ್ಡು ತೆಗೆದುಕೊಂಡು ಕೊಟ್ಟರೆ ಎರಡೂ ಮುರಿಯಿತು. ಸಿನಿಮಾ ಶೂಟಿಂಗಿಗೆ ಬಾಡಿಗೆಗೆ ಕಳಿಸಿದರೂ ಅಷ್ಟೇ.

ಈಗ ಬಹಳ ಜನ ತಡವರಿಸುವ ಜಾಗ: ರ‍್ಯಾಲಿ. ಆರ್‌ಸಿ ಬಾಯಿಬಿಟ್ಟು ರ‍್ಯಾಲಿಗೆ ಹೋಗಬಹುದು ಅನ್ನುತ್ತದೆ. ಪಾಲಿಸಿ ರಿಲಯಬಿಲಿಟಿ ಟ್ರಯಲ್ ಇಲ್ಲ ಅನ್ನುತ್ತದೆ. ಹಾಗಾದರೆ ರ‍್ಯಾಲಿಗೆ ರಕ್ಷಣೆ ಇದೆಯೋ ಇಲ್ಲವೋ? ಉತ್ತರ ಇರುವುದು ಆ ಕಾರ್ಯಕ್ರಮ ಎಂಥದ್ದು ಅನ್ನುವುದರಲ್ಲಿ. ಬಾವುಟ ತೋರಿಸಿ, ಸಾಲಾಗಿ ಮೆಲ್ಲಗೆ ಊರು ಸುತ್ತಿ, ಒಂದು ಮೈದಾನದಲ್ಲಿ ನಿಲ್ಲಿಸುವ ಮೆರವಣಿಗೆಯಾದರೆ ಅದು ಯಾವ ಪರೀಕ್ಷೆಯೂ ಅಲ್ಲ. ಸಮಯ ಹಿಡಿದು, ಚೆಕ್‌ಪೋಸ್ಟ್ ಇಟ್ಟು, ನಿಗದಿತ ಸರಾಸರಿಗೆ ಅಂಕ ಕೊಡುವಂಥದ್ದಾದರೆ ಅದನ್ನು ಟ್ರಯಲ್ ಅಲ್ಲ ಅಂತ ವಾದಿಸುವುದು ಕಷ್ಟ. ಅದಕ್ಕೇ ಟ್ಯಾರಿಫ್‌ನಲ್ಲಿ ಐಎಂಟಿ 31 ಅಂತ ಒಂದು ಎಂಡೋರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಷರತ್ತು) ಇದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ರಿಲಯಬಿಲಿಟಿ ಟ್ರಯಲ್ ಮತ್ತು ರ‍್ಯಾಲಿಗೆ ಪಾಲಿಸಿಯನ್ನು ವಿಸ್ತರಿಸುತ್ತಾರೆ. ಕಾರ್ಯಕ್ರಮದ ಹೆಸರು, ಜಾಗ, ತಾರೀಕು, ನಡೆಸುವವರು ಯಾರು, ಎಲ್ಲ ಅದರಲ್ಲಿ ಬರೆದಿರಬೇಕು. ಆಗಲೂ ರೇಸು, ವೇಗ ಪರೀಕ್ಷೆ ಹೊರಗೇ. ರ‍್ಯಾಲಿಯ ಹೊತ್ತಿನಲ್ಲಿ ಕಾರಿನೊಳಗೆ ಕೂತವರಿಗೆ ಗಾಯವಾದರೆ ಅದೂ ಹೊರಗೆ. ಈ ಕೊನೆಯ ಷರತ್ತನ್ನು ಮನೆಯವರನ್ನು ಹತ್ತಿಸಿಕೊಳ್ಳುವ ಮೊದಲು ಓದಲೇಬೇಕು.

ಮಿತಿ ಮೀರಿದಾಗ ಏನಾಗುತ್ತದೆ? ಇಲ್ಲೂ ಎರಡು ಭಾಗ ಮಾಡಿ ಯೋಚಿಸಬೇಕು. ಥರ್ಡ್ ಪಾರ್ಟಿಯಲ್ಲಿ ಕಂಪನಿ ಯಾವ ಕಾರಣ ಹೇಳಿ ಜವಾಬ್ದಾರಿ ತಪ್ಪಿಸಿಕೊಳ್ಳಬಹುದು ಅನ್ನುವುದನ್ನು ಮೋಟಾರು ವಾಹನ ಕಾಯ್ದೆಯ 150ನೇ ಸೆಕ್ಷನ್ ಹೇಳುತ್ತದೆ. ಪರ್ಮಿಟ್ ಇಲ್ಲದ ಬಾಡಿಗೆ, ರೇಸು, ಸರಿಯಾದ ಲೈಸೆನ್ಸ್ ಇಲ್ಲದ ಚಾಲಕ, ಇವು ಅಲ್ಲಿವೆ. ಓನ್ ಡ್ಯಾಮೇಜ್ ಬೇರೆ ಕಥೆ. ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿ ಅಪಘಾತವಾದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಕ್ಲೇಮನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ನಾನ್‌ಸ್ಟ್ಯಾಂಡರ್ಡ್ ಲೆಕ್ಕದಲ್ಲಿ, ಅಂದರೆ ಪೂರ್ತಿ ಮೊತ್ತದ ಬದಲು ಒಂದು ಭಾಗ ಕೊಟ್ಟು, ತೀರಿಸಿ ಅಂದಿತು. ಬಳಕೆಯ ಮಿತಿ ಮೀರಿದ್ದಕ್ಕೆ ಆ ಲೆಕ್ಕ ಶೇ. 75ರವರೆಗೆ. ಆದರೆ ಅಲ್ಲಿಗೆ ಮುಟ್ಟಲು ಎಷ್ಟು ವರ್ಷ ಕೋರ್ಟು ಅಲೆಯಬೇಕು ಯೋಚಿಸಿ. ಕ್ಲೇಮ್ ಫಾರ್ಮಿನಲ್ಲಿ 'ಅಪಘಾತದ ಹೊತ್ತಿನಲ್ಲಿ ವಾಹನ ಯಾವ ಉದ್ದೇಶಕ್ಕೆ ಬಳಕೆಯಾಗುತ್ತಿತ್ತು' ಅಂತ ಕೇಳಿರುತ್ತಾರೆ. ಆ ಸಾಲಿಗೆ ನಿಜ ಬರೆಯಲು ಆಗದ ಕಡೆಗೆ ಕಾರು ಒಯ್ಯಬಾರದು ಅನ್ನುವುದು ನನ್ನ ನಿಲುವು.

ವಿಂಟೇಜ್ ನೋಂದಣಿ ಬೇಕೇ ಬೇಕಾ?

50 ವರ್ಷ ದಾಟಿದರೂ ಹಳೆ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಮಾಮೂಲಿ ಖಾಸಗಿ ಕಾರಾಗಿ ಓಡಿಸುವವರಿದ್ದಾರೆ. ಅವರಿಗೆ ಮೊದಲನೆಯ ಪಟ್ಟಿ ಇಲ್ಲ, ಪಾಲಿಸಿಯದು ಮಾತ್ರ. ಅಂದರೆ ಭಾನುವಾರದ ದೋಸೆ ಉಳಿಯಿತು! ವಿಂಟೇಜ್ ಮಾಡಿಸಿದರೆ ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧ. 2022ರ ಜೂನ್ 1ರಿಂದ ಬಂದ ದರದಲ್ಲಿ 1,000ದಿಂದ 1,500 ಸಿಸಿ ಕಾರಿಗೆ 3,416 ರೂಪಾಯಿ. ಅಂಬಾಸಿಡರ್ ಮಾರ್ಕ್ 2 (1,489 ಸಿಸಿ) ಇದರಲ್ಲೇ ಬರುತ್ತದೆ. ಅರ್ಧ ಅಂದರೆ 1,708. ಸ್ಟ್ಯಾಂಡರ್ಡ್ ಹೆರಾಲ್ಡ್ 948 ಸಿಸಿ, ಅದಕ್ಕೆ 2,094ರ ಬದಲು 1,047. ಬರೀ ಈ ಉಳಿತಾಯಕ್ಕಾಗಿ ಓಡಾಟದ ಸ್ವಾತಂತ್ರ್ಯ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ. ಕಾರು ಹೇಗೂ ರ‍್ಯಾಲಿಗೆ ಮಾತ್ರ ಹೊರಬರುತ್ತದೆ ಅನ್ನುವವರ ಲೆಕ್ಕ ಬೇರೆ.

ವಿಂಟೇಜ್ ನೋಂದಣಿ ಅರ್ಜಿಯ ಜೊತೆಗೇ ವಿಮೆಯ ಕಾಗದ ಕೊಡಬೇಕು. ಆದರೆ ರಿಯಾಯಿತಿ ಇರುವುದು ವಿಂಟೇಜ್ ಅಂತ ನೋಂದಣಿಯಾದ ಕಾರಿಗೆ. ಆದ್ದರಿಂದ ಹೊಸ ಆರ್‌ಸಿ ಬಂದ ಕೂಡಲೇ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ತಿದ್ದಿಸಿಕೊಳ್ಳಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಅಲ್ಲಿ ಬಳಕೆಯ ಮಿತಿಯನ್ನು ಹೆಚ್ಚಾಗಿ ಪಾಲಿಸಿಯೇ ಹಾಕುತ್ತದೆ: ದಿನಬಳಕೆಗೆ ಬೇರೆ ಕಾರು ಇರಬೇಕು, ಇದು ಬೀಗ ಹಾಕಿದ ಗ್ಯಾರೇಜಿನಲ್ಲಿ ನಿಲ್ಲಬೇಕು ಅಂತ. ಅಗ್ರೀಡ್ ವ್ಯಾಲ್ಯೂ ಮತ್ತು ಸ್ಟೇಟೆಡ್ ವ್ಯಾಲ್ಯೂ ಒಂದೇ ಅಲ್ಲ. ಸ್ಟೇಟೆಡ್‌ನಲ್ಲಿ ನೀವು ಹೇಳಿದ ಬೆಲೆ, ಅಂದಿನ ಮಾರುಕಟ್ಟೆ ಬೆಲೆ, ಎರಡರಲ್ಲಿ ಕಡಿಮೆಯದನ್ನು ಕೊಡಲು ಕಂಪನಿಗೆ ದಾರಿ ಇರುತ್ತದೆ.

ಲಾರಿ ಮೇಲೆ, ಶೆಡ್ಡಿನೊಳಗೆ

ದೂರದ ರ‍್ಯಾಲಿಗೆ ಕಾರನ್ನು ಲಾರಿ ಮೇಲೆ ಒಯ್ಯುವುದಿದ್ದರೆ, ರಸ್ತೆ ಅಥವಾ ರೈಲಿನಲ್ಲಿ ಸಾಗಿಸುವಾಗ ಆಗುವ ಹಾನಿ ಓನ್ ಡ್ಯಾಮೇಜ್ ಪಾಲಿಸಿಯೊಳಗೇ ಬರುತ್ತದೆ. ಸವೆತ, ಎಂಜಿನ್ ಕೆಟ್ಟು ನಿಲ್ಲುವುದು ಬರುವುದಿಲ್ಲ. ಅಪಘಾತವಾದ ಕಾರನ್ನು ಎಳೆಸಿಕೊಂಡು ಹೋಗುವ ಖರ್ಚಿಗೆ ಮಾಮೂಲಿ ಮಿತಿ 1,500 ರೂಪಾಯಿ. ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವ ಕಾರಿಗೆ ಬೆಂಕಿ ಮತ್ತು ಕಳ್ಳತನಕ್ಕೆ ಮಾತ್ರ ರಕ್ಷಣೆ ಇಟ್ಟುಕೊಳ್ಳುವ ಅವಕಾಶ ಟ್ಯಾರಿಫ್‌ನಲ್ಲಿದೆ. ಅಂಥ ಕಾರನ್ನು ಯಾವ ಕಾರಣಕ್ಕೂ ರಸ್ತೆಗೆ ಇಳಿಸುವ ಮೊದಲು ಥರ್ಡ್ ಪಾರ್ಟಿ ಜಾರಿಯಲ್ಲಿದೆಯಾ ನೋಡಿ. ಸಾರ್ವಜನಿಕ ಜಾಗದಲ್ಲಿ ಓಡಿಸಲು 146ನೇ ಸೆಕ್ಷನ್ ಪ್ರಕಾರ ಅದು ಕಡ್ಡಾಯ.

ಕಂಪನಿಗೆ ಏನು ಬರೆಯಬೇಕು?

ಫೋನಿನಲ್ಲಿ ಕೇಳಿದರೆ 'ಎಲ್ಲ ಕವರ್ ಆಗುತ್ತೆ ಸಾರ್' ಅನ್ನುತ್ತಾರೆ. ಇಮೇಲ್ ಬರೆದು ಉತ್ತರ ಇಟ್ಟುಕೊಳ್ಳಿ. ನಾನು ಸಿದ್ಧಮಾಡಿಕೊಂಡ ಒಕ್ಕಣೆ ಇದು, ಬೇಕಾದರೆ ಬಳಸಿ: 'ನನ್ನ ಕಾರು ವಿಂಟೇಜ್ ಎಂದು ನೋಂದಣಿಯಾಗಿದೆ. ಆರ್‌ಸಿ ಲಗತ್ತಿಸಿದ್ದೇನೆ. ಮೌಲ್ಯಮಾಪನ ವರದಿಯ ಆಧಾರದ ಮೇಲೆ ಇಷ್ಟು ಐಡಿವಿ ಕೋರುತ್ತೇನೆ. ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ವಿಂಟೇಜ್ ಕಾರಿನ ಶೇ. 50 ರಿಯಾಯಿತಿ ಕೊಟ್ಟಿದ್ದೀರಾ? ಇಂಥ ತಾರೀಕಿನಂದು ಇಂಥವರು ನಡೆಸುವ ರ‍್ಯಾಲಿಗೆ ಹೋಗಲಿದ್ದೇನೆ. ಅದರ ನಿಯಮಾವಳಿ ಲಗತ್ತಿಸಿದ್ದೇನೆ. ಈಗಿರುವ ಪಾಲಿಸಿಯಲ್ಲಿ ಅದಕ್ಕೆ ರಕ್ಷಣೆ ಇದೆಯೇ, ಅಥವಾ ಐಎಂಟಿ 31 ಬೇಕೇ? ಬೇಕಿದ್ದರೆ ಪ್ರೀಮಿಯಂ ಎಷ್ಟು?'