ಕರಗುವುದಕ್ಕೆಂದೇ ಬಳಿಯುವ ಬಣ್ಣ

ಸಮುದ್ರದಲ್ಲಿ ನಿಂತ ಹಾಯಿದೋಣಿಯ ತಳ ಬಹುಕಾಲ ಬರಿದಾಗಿ ಉಳಿಯುವುದಿಲ್ಲ. ನೀರಿಗಿಳಿದ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಅದರ ಮೇಲೆ ಲೋಳೆಯ ತೆಳುಪದರ ಕಟ್ಟತೊಡಗುತ್ತವೆ. ಡಯಾಟಂಗಳೆಂಬ ಏಕಕೋಶ ಪಾಚಿಗಳು ಅದನ್ನು ದಪ್ಪಗೊಳಿಸುತ್ತವೆ. ಹಸಿರು ಪಾಚಿ, ಕೊಳವೆಹುಳು, ಬಾರ್ನಕಲ್‌ಗಳೂ ಬಂದು ಸೇರುತ್ತವೆ. ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಬಾರ್ನಕಲ್‌ನ ಲಾರ್ವಾ ತನ್ನ ಸ್ಪರ್ಶಾಂಗಗಳಿಂದ ಮೇಲ್ಮೈಯನ್ನು ತಡಕಿ ನೋಡಿ, ಒಪ್ಪಿಗೆಯಾದ ಜಾಗದಲ್ಲಿ ಅಂಟು ಸ್ರವಿಸಿ, ಸುತ್ತಲೂ ಸುಣ್ಣದ ಚಿಪ್ಪು ಕಟ್ಟಿಕೊಂಡು ಉಳಿದ ಬದುಕನ್ನೆಲ್ಲ ಅಲ್ಲೇ ಕಳೆಯುತ್ತದೆ. ಗಾಳಿಯನ್ನೇ ನೆಚ್ಚಿದ ದೋಣಿಗೆ ಈ ಒರಟುತನ ದುಬಾರಿಯಾದದ್ದು: ನೀರಿನ ಎಳೆತ ಹೆಚ್ಚಿ ವೇಗ ಕುಸಿಯುತ್ತದೆ.

ಬ್ರಿಟನ್ನಿನ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಮರದ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರ ಕೊರೆಯುವ ಹುಳುಗಳಿಂದ ಹಡಗು ಪಾರಾಯಿತು. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಉಪ್ಪುನೀರಿನಲ್ಲಿ ತಿಂದುಹೋಗಿದ್ದವು. ಮುಂದೆ 1824ರಲ್ಲಿ, ತಾಮ್ರವೇ ಸವೆಯುವುದನ್ನು ತಡೆಯಲು ರಸಾಯನವಿಜ್ಞಾನಿ ಹಂಫ್ರಿ ಡೇವಿ ಅದಕ್ಕೆ ಕಬ್ಬಿಣ ಮತ್ತು ಸತುವಿನ ತುಂಡುಗಳನ್ನು ಜೋಡಿಸಿದರು. ತಗಡೇನೋ ಉಳಿಯಿತು, ಆದರೆ ಅದರ ಮೇಲೆ ಪಾಚಿಯೂ ಚಿಪ್ಪುಗಳೂ ಬೆಳೆದವು. ಕರಗುತ್ತಿದ್ದರೆ ಮಾತ್ರ ತಾಮ್ರ ತಳವನ್ನು ಕಾಯುತ್ತದೆ ಎಂಬುದು ಈ ಸೋಲಿನಿಂದಲೇ ಸ್ಪಷ್ಟವಾಯಿತು. ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲವೆಂದು ನಾನು ನಂಬುತ್ತೇನೆ.

ಇಂದಿನ ತಳಬಣ್ಣಗಳಲ್ಲಿ ಬಹುಪಾಲು ಇದೇ ತತ್ತ್ವದ ಮೇಲೆ ನಿಂತಿವೆ. ಅವುಗಳಲ್ಲಿರುವ ಕ್ಯುಪ್ರಸ್ ಆಕ್ಸೈಡ್ ಎಂಬ ತಾಮ್ರದ ಸಂಯುಕ್ತ ನಿಧಾನವಾಗಿ ತಾಮ್ರದ ಅಯಾನುಗಳನ್ನು ನೀರಿಗೆ ಬಿಡುತ್ತದೆ. ಗಡಸು ಬಣ್ಣದಲ್ಲಿ ಪದರ ಹಾಗೇ ಉಳಿದು ಒಳಗಿನ ತಾಮ್ರ ಮಾತ್ರ ಸೋರಿಹೋದರೆ, ಸವೆಯುವ ಬಣ್ಣದಲ್ಲಿ ಪದರವೇ ಕಳಚುತ್ತ ಹೊಸ ಮೇಲ್ಮೈ ತೆರೆದುಕೊಳ್ಳುತ್ತದೆ.

ಮೇಲಿನ ಪದರ ಸವೆಯಬೇಕಾದರೂ ಕೆಳಗಿನದು ಅಲುಗಬಾರದು. ಆದ್ದರಿಂದಲೇ ಬಳಿಯುವುದಕ್ಕಿಂತ ತಯಾರಿಯ ಕೆಲಸ ಹೆಚ್ಚು. ಹೊಸ ಫೈಬರ್‌ಗ್ಲಾಸ್ ದೋಣಿಯ ಮೈಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಮೇಣ ಉಳಿದಿರುತ್ತದೆ. ಅದನ್ನು ದ್ರಾವಕದಿಂದ ಒರೆಸುವ ಮೊದಲೇ ಉಜ್ಜಿದರೆ ಮೇಣ ಗೀರುಗಳೊಳಕ್ಕೆ ಸೇರಿ, ಪ್ರೈಮರ್ ಹಿಡಿಯುವುದಿಲ್ಲ. ಮೇಣ ಹೋದ ಮೇಲೆ 80 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಹೊಳಪು ಅಳಿಯುವವರೆಗೆ ಉಜ್ಜಬೇಕು. ಫೈಬರ್‌ಗ್ಲಾಸಿನ ಹೊರಪದರವಾದ ಜೆಲ್‌ಕೋಟ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಸೇರಿದ ನೀರು ರಾಳದ ಕರಗುವ ಅಂಶಗಳೊಂದಿಗೆ ಸೇರಿ ಒತ್ತಡ ಹುಟ್ಟಿಸಿ ಗುಳ್ಳೆಗಳನ್ನೆಬ್ಬಿಸುತ್ತದೆ. ಅದಕ್ಕಾಗಿ, ಚೆನ್ನಾಗಿ ಒಣಗಿದ ತಳಕ್ಕೆ ನೀರು ತಡೆಯುವ ಎಪಾಕ್ಸಿ ಎಂಬ ರಾಳದ ಹಲವು ಪದರಗಳನ್ನು ಕೊಡುತ್ತಾರೆ. ಒದ್ದೆ ತಳಕ್ಕೆ ಎಪಾಕ್ಸಿ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಇಲ್ಲಿ ಅವಸರಕ್ಕೆ ಎಡೆಯೇ ಇಲ್ಲ.

ಬಣ್ಣದ ಮೊದಲ ಪದರವನ್ನು ಬೇರೆ ಬಣ್ಣದಲ್ಲಿ ಕೊಡುವ ರೂಢಿ ನನಗೆ ಬಹಳ ಮೆಚ್ಚಿಗೆ: ಮುಂದೊಂದು ದಿನ ಅದು ಇಣುಕಿದರೆ ಮರುಬಳಿಯುವ ಸಮಯವಾಯಿತೆಂದು ತಿಳಿಯುತ್ತದೆ. ಬೆಳಕು ಹೆಚ್ಚು ಬೀಳುವ ನೀರಿನ ಗೆರೆಗೂ ಹರಿವು ಬಲವಾಗಿ ಬಡಿಯುವ ಚುಕ್ಕಾಣಿಯ ಮುಂಗಂಚಿಗೂ ಒಂದು ಪದರ ಹೆಚ್ಚು ಬೇಕು. ಲೋಹದ ಭಾಗಗಳನ್ನು ಉಳಿಸಲು ತಾನೇ ಸವೆಯುವ ಸತುವಿನ ಗಟ್ಟಿಗೆ ಮಾತ್ರ ಬಣ್ಣ ತಾಗಬಾರದು, ತಾಗಿದರೆ ಅದು ಕೆಲಸ ಮಾಡುವುದಿಲ್ಲ. ಅಲ್ಯೂಮಿನಿಯಂ ದೋಣಿಗೆ ಕ್ಯುಪ್ರಸ್ ಆಕ್ಸೈಡ್ ಇರುವ ಬಣ್ಣ ಬಳಿಯುವುದೂ ಅಪಾಯ. 'ಅಲಾರ್ಮ್'ನ ಮೊಳೆಗಳಿಗೆ ಆದದ್ದೇ ಅಲ್ಲಿ ದೋಣಿಯ ಮೈಗೆ ಆದೀತು.

ಹಳೆಯ ಬಣ್ಣ ಉಜ್ಜುವಾಗ ಏಳುವ ಧೂಳು ವಿಷ. ಮುಖಕವಚ ತೊಟ್ಟು, ನೀರು ಹಾಕಿ ಉಜ್ಜಿ, ಕೆಳಗೆ ಹಾಸಿದ ಹಾಳೆಯ ಮೇಲೆ ಬಿದ್ದದ್ದನ್ನೆಲ್ಲ ಒಟ್ಟುಮಾಡುವುದು ಕಡ್ಡಾಯವೆಂದೇ ಭಾವಿಸಬೇಕು. ಟ್ರೈಬ್ಯುಟೈಲ್‌ಟಿನ್ ಎಂಬ ತವರದ ಸಂಯುಕ್ತ ಬೆರೆತ ಬಣ್ಣಗಳು ತಾಮ್ರಕ್ಕಿಂತಲೂ ಪರಿಣಾಮಕಾರಿಯಾಗಿದ್ದವು. ಆದರೆ ಅವುಗಳಿಂದ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ವಿಕಾರಗೊಂಡಿತು, ಬೇರೆ ಕರಾವಳಿಗಳಲ್ಲಿ ಹೆಣ್ಣು ಕಡಲಬಸವನಗಳಿಗೆ ಗಂಡಿನ ಅಂಗಗಳು ಮೂಡಿದವು. ಫ್ರಾನ್ಸ್ 1982ರಲ್ಲೇ ಸಣ್ಣ ದೋಣಿಗಳಿಗೆ ಅದನ್ನು ನಿರ್ಬಂಧಿಸಿತು. ಅದನ್ನು ನಿಷೇಧಿಸಲು 2001ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದ 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ, ತಳದಲ್ಲಿ ಅಂಥ ಹಳೆಯ ಬಣ್ಣ ಉಳಿದಿದ್ದರೆ ಅದನ್ನು ಪೂರ್ತಿ ತೆಗೆಯಬೇಕು, ಇಲ್ಲವೇ ನೀರಿಗೆ ಸೋರದಂತೆ ತಡೆಪದರದಿಂದ ಮುಚ್ಚಬೇಕು.