ಐಆರ್‌ಕ್ಯು 5 ಯಾರ ಪಾಲು? ಪ್ಲಗ್ ಅಂಡ್ ಪ್ಲೇ ಬೆಳೆದು ಬಂದ ದಾರಿ

ಸೀರಿಯಲ್ ಪೋರ್ಟ್ ಇರುವ ಇವತ್ತಿನ ಪಿಸಿಯಲ್ಲೂ ಲಿನಕ್ಸ್ ಬೂಟ್ ಮಾಡಿ, ಅದರ ತಿರುಳಾದ ಕರ್ನಲ್ ಬರೆಯುವ ಲಾಗ್ ತೆರೆದರೆ, ಮೇಲಿನ ಸಾಲುಗಳಲ್ಲೆಲ್ಲೋ ‘ಪಿಎನ್‌ಪಿ0501’ ಎಂಬ ಗುರುತು ಕಣ್ಣಿಗೆ ಬೀಳಬಹುದು. 16550ಎ ಮಾದರಿಯ ಸೀರಿಯಲ್ ಪೋರ್ಟಿಗೆ ಇಟ್ಟ ಹೆಸರದು. ಆ ಹೆಸರಿಡುವ ಪದ್ಧತಿ ಹುಟ್ಟಿದ್ದು ಐಸಾ ಕಾರ್ಡುಗಳ ಕಾಲದಲ್ಲಿ; ಐಸಾ ಎಂದರೆ ಹಳೆಯ ಪಿಸಿಗಳಿಗೆ ಕಾರ್ಡುಗಳನ್ನು ಜೋಡಿಸುತ್ತಿದ್ದ ಬಸ್. ಐಸಾ ಸ್ಲಾಟುಗಳು ಮಾಯವಾಗಿ ಎಷ್ಟೋ ವರ್ಷಗಳಾದವು, ಹೆಸರು ಮಾತ್ರ ಉಳಿದಿದೆ. ಅದು ಏಕೆ ಉಳಿಯಿತು ಎಂದು ತಿಳಿಯಬೇಕಾದರೆ ಪ್ಲಗ್ ಅಂಡ್ ಪ್ಲೇ (ಪಿಎನ್‌ಪಿ), ಅಂದರೆ ಹಾಕಿದ ಕಾರ್ಡನ್ನು ಯಂತ್ರವೇ ಹೊಂದಿಸಿಕೊಳ್ಳುವ ಏರ್ಪಾಡು, ಯಾವ ಜಗಳವನ್ನು ಬಿಡಿಸಲು ಬಂತು ಎಂಬುದನ್ನು ಮೊದಲು ನೋಡಬೇಕು. ಹಾಕಿದ ಕಾರ್ಡ್ ಯಾವುದೆಂದು ಗುರುತಿಸುವುದು ಆ ಕೆಲಸದ ಅರ್ಧ ಮಾತ್ರ. ಕಷ್ಟದ್ದು ಉಳಿದರ್ಧ: ಇರುವ ಸ್ವಲ್ಪವನ್ನು ಯಾರು ಹಂಚಬೇಕು?

ಇದ್ದದ್ದು ನಿಜಕ್ಕೂ ಸ್ವಲ್ಪವೇ. 1981ರ ಐಬಿಎಂ ಪಿಸಿಯಲ್ಲಿ ಇಂಟರಪ್ಟ್ ಗೆರೆಗಳು (ಐಆರ್‌ಕ್ಯು), ಅಂದರೆ ಸಾಧನವೊಂದು ಪ್ರೊಸೆಸರನ್ನು ಕೂಗಿ ಕರೆಯುವ ತಂತಿಗಳು, 8. 1984ರ ಐಬಿಎಂ ಎಟಿಯಲ್ಲಿ ಇವನ್ನು ನೋಡಿಕೊಳ್ಳುವ 8259 ಚಿಪ್ ಇನ್ನೊಂದು ಸೇರಿ 16 ಆದವು, ಆದರೆ ಎರಡನೇ ಚಿಪ್ಪನ್ನು ಮೊದಲನೆಯದಕ್ಕೆ ಜೋಡಿಸುವುದಕ್ಕೇ ಒಂದು ಗೆರೆ ಖರ್ಚಾಗಿ ಉಳಿದದ್ದು 15. ಟೈಮರಿಗೆ 0, ಕೀಬೋರ್ಡಿಗೆ 1, ಸೀರಿಯಲ್ ಪೋರ್ಟುಗಳಿಗೆ 3 ಮತ್ತು 4, ಫ್ಲಾಪಿಗೆ 6, ಪ್ರಿಂಟರಿಗೆ 7, ಗಡಿಯಾರಕ್ಕೆ 8, ಗಣಿತ ಸಹಸಂಸ್ಕಾರಕಕ್ಕೆ 13, ಹಾರ್ಡ್ ಡಿಸ್ಕಿಗೆ 14. ಪಿಎಸ್/2 ಮೌಸ್ ಬಂದು 12ನ್ನು ಹಿಡಿಯಿತು, ಎರಡನೇ ಡಿಸ್ಕ್ ಚಾನೆಲ್ 15ನ್ನು. ಹೊಸದಾಗಿ ಕೊಂಡ ಕಾರ್ಡುಗಳೆಲ್ಲ 5, 9, 10, 11ರ ಸುತ್ತ ಜಗಳವಾಡಬೇಕಿತ್ತು. ಪ್ರೊಸೆಸರ್ ಕಾರ್ಡಿನೊಡನೆ ಮಾತಾಡುವ ಪೋರ್ಟ್ ವಿಳಾಸಗಳ ಕಥೆಯೂ ಅಷ್ಟೇ. ಹಳೆಯ ಕಾರ್ಡುಗಳಲ್ಲಿ ಬಹುಪಾಲು ವಿಳಾಸದ ಕೆಳಗಿನ 10 ಬಿಟ್‌ಗಳನ್ನಷ್ಟೇ ನೋಡುತ್ತಿದ್ದವು, ಹಾಗಾಗಿ ಬಳಕೆಗೆ ಸಿಕ್ಕಿದ್ದು 1024 ವಿಳಾಸ.

ಹಂಚಿಕೊಂಡು ಬಳಸಬಹುದಿತ್ತಲ್ಲ ಎಂದರೆ ಐಸಾದಲ್ಲಿ ಅದು ಆಗದ ಮಾತು. ಐಸಾ ಇಂಟರಪ್ಟ್ ಎಡ್ಜ್ ಟ್ರಿಗರ್ ಮಾದರಿಯದು. ಗೆರೆ ಕೆಳಗಿನಿಂದ ಮೇಲೇಳುವ ಆ ಕ್ಷಣವನ್ನಷ್ಟೇ ಚಿಪ್ ಗಮನಿಸುತ್ತದೆ. ಒಂದು ಕಾರ್ಡ್ ಗೆರೆಯನ್ನು ಮೇಲೆತ್ತಿ ಹಿಡಿದಿರುವಾಗಲೇ ಇನ್ನೊಂದು ಕೂಗಿದರೆ ಹೊಸ ಏರಿಕೆಯೇ ಕಾಣುವುದಿಲ್ಲ, ಆ ಕೂಗು ಕಳೆದೇ ಹೋಗುತ್ತದೆ. ಹಾಡಿನ ಒಂದೇ ತುಣುಕನ್ನು ಸೌಂಡ್ ಕಾರ್ಡ್ ಮತ್ತೆ ಮತ್ತೆ ನುಡಿಸುತ್ತಾ ನಿಂತಿತೆಂದರೆ ಮೊದಲ ಅನುಮಾನ ಇದರ ಮೇಲೆಯೇ: ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ದತ್ತಾಂಶ ಸಾಗಿಸುವ ಏರ್ಪಾಡು) ತನ್ನ ಪಾಡಿಗೆ ಬಫರ್ ಸುತ್ತುತ್ತಿದೆ, ಮುಂದಿನ ತುಣುಕು ತುಂಬು ಎಂದು ಹೇಳುವ ಇಂಟರಪ್ಟ್ ಮಾತ್ರ ತಲುಪಿಲ್ಲ.

ಆಗ ಹಂಚುವವನು ಬಳಕೆದಾರನೇ. ಕಾರ್ಡಿನ ಪಿನ್ನುಗಳನ್ನು ಸೇರಿಸುವ ಪುಟ್ಟ ಜಂಪರ್ ಕಿತ್ತು ಬೇರೆ ಪಿನ್ನಿಗೆ ಹಾಕಬೇಕು, ಬಳಿಕ ಅದೇ ಸಂಖ್ಯೆಯನ್ನು ಕಾರ್ಡ್ ನಡೆಸುವ ತಂತ್ರಾಂಶವಾದ ಡ್ರೈವರಿಗೂ ಹೇಳಬೇಕು. ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡ್ ಇದ್ದವರಿಗೆ ಹೆಕ್ಸ್ (ಹದಿನಾರರ ಎಣಿಕೆ) 220, ಐಆರ್‌ಕ್ಯು 5, ಡಿಎಂಎ 1 ಎಂಬುದು ಬಾಯಿಪಾಠವಾಗಿತ್ತು. ಐಬಿಎಂ 1987ರಲ್ಲಿ ಪಿಎಸ್/2 ಜೊತೆಗೆ ತಂದ ಮೈಕ್ರೋ ಚಾನೆಲ್ ಜಂಪರುಗಳನ್ನು ಕಿತ್ತೊಗೆಯಿತು. ಪ್ರತಿ ಕಾರ್ಡಿಗೂ 16 ಬಿಟ್ ಗುರುತು, ರೆಫರೆನ್ಸ್ ಡಿಸ್ಕಿನಲ್ಲಿ ವಿವರಣೆ ಕಡತಗಳು. ತಂತ್ರ ಚೆನ್ನಾಗಿತ್ತು, ಆದರೆ ಹಳೆಯ ಕಾರ್ಡ್ ಆ ಸ್ಲಾಟಿಗೆ ಕೂರುತ್ತಲೇ ಇರಲಿಲ್ಲ. ಐಸಾ ಕಾರ್ಡನ್ನೂ ಒಪ್ಪುತ್ತಿದ್ದ ಈಸಾ ಎಂಬ ಇನ್ನೊಂದು ಬಸ್ ಸರ್ವರುಗಳ ಆಚೆ ಹೆಚ್ಚು ಹರಡಲಿಲ್ಲ.

ಹೀಗಾಗಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ 1993ರಲ್ಲಿ ಪ್ರಕಟಿಸಿ, 1994ರಲ್ಲಿ 1.0ಎ ಆವೃತ್ತಿಯಾಗಿ ತಿದ್ದಿದ ಪ್ಲಗ್ ಅಂಡ್ ಪ್ಲೇ ಐಸಾ ನಿಯಮಾವಳಿಯ ಮುಂದೆ ವಿಚಿತ್ರವಾದ ಸವಾಲಿತ್ತು. ಬಸ್ಸಿಗೆ ಹೊಸ ತಂತಿ ಸೇರಿಸುವಂತಿಲ್ಲ. ಯಾವ ಸ್ಲಾಟಿನಲ್ಲಿ ಯಾವ ಕಾರ್ಡ್ ಕೂತಿದೆಯೆಂದು ಕೇಳುವ ವ್ಯವಸ್ಥೆ ಐಸಾದಲ್ಲಿ ಇಲ್ಲವೇ ಇಲ್ಲ. ಹಳೆಯ ಕಾರ್ಡುಗಳಿಗೆ ಈ ಮಾತುಕತೆ ಕೇಳಿಸಲೂಬಾರದು. ಇದಕ್ಕೆ ಸಿಕ್ಕ ಉತ್ತರ ಪಿಸಿ ಇತಿಹಾಸದ ಅತ್ಯಂತ ಜಾಣ ಕಸರತ್ತುಗಳಲ್ಲಿ ಒಂದು; ಅದನ್ನು ಗೇಲಿ ಮಾಡಿದವರಲ್ಲಿ ಅದರ ಒಳಗನ್ನು ನೋಡಿದವರು ಕಡಿಮೆ.

ಬಳಸಿದ್ದು ಮೂರೇ ಪೋರ್ಟ್. ವಿಳಾಸ ಬರೆಯಲು ಹೆಕ್ಸ್ 279: ಅದು ಎರಡನೇ ಪ್ರಿಂಟರಿನ ಸ್ಟೇಟಸ್ ಪೋರ್ಟ್, ಓದುವುದಕ್ಕಷ್ಟೇ ಇರುವಂಥದ್ದು, ಅಲ್ಲಿಗೆ ಬರೆದರೆ ಯಾರಿಗೂ ನಷ್ಟವಿಲ್ಲ. ದತ್ತಾಂಶ ಬರೆಯಲು ಹೆಕ್ಸ್ ಎ79: ಅದರ ಕೆಳಗಿನ 10 ಬಿಟ್ ತೆಗೆದರೆ ಮತ್ತೆ 279 ಆಗುವುದರಿಂದ ಹಳೆಯ ಕಾರ್ಡುಗಳಿಗೆ ಎರಡೂ ಒಂದೇ. ಓದುವ ಪೋರ್ಟನ್ನು ಮಾತ್ರ ಹೆಕ್ಸ್ 203ರಿಂದ 3ಎಫ್ಎಫ್ ನಡುವೆ ಎಲ್ಲಿ ಬೇಕಾದರೂ ಇಡಬಹುದು. ಮೊದಲು 32 ಬೈಟುಗಳ ಕೀಲಿಸರಣಿಯನ್ನು ಬರೆಯಬೇಕು. ಅದು 6ಎ, ಬಿ5, ಡಿಎ ಎಂದು ಶುರುವಾಗುತ್ತದೆ. ಒಂದು ಬೈಟ್ ತಪ್ಪಿದರೂ ಕಾರ್ಡುಗಳು ಏಳುವುದಿಲ್ಲ.

ಕೀಲಿ ಸರಿಬಂದರೆ ಎಲ್ಲ ಕಾರ್ಡುಗಳೂ ಒಟ್ಟಿಗೆ ಎಚ್ಚರಾಗುತ್ತವೆ. ಒಂದೊಂದನ್ನೇ ಬೇರ್ಪಡಿಸುವುದು ಹೇಗೆ? ಪ್ರತಿ ಕಾರ್ಡಿನಲ್ಲೂ 72 ಬಿಟ್‌ಗಳ ಗುರುತಿದೆ: 32 ಬಿಟ್ ತಯಾರಕ ಮತ್ತು ಮಾದರಿಗೆ, 32 ಬಿಟ್ ಕ್ರಮಸಂಖ್ಯೆಗೆ, 8 ಬಿಟ್ ಚೆಕ್‌ಸಮ್ಮಿಗೆ. ಕರ್ನಲ್ ಬಿಟ್‌ಗೆ ಎರಡು ಸಲದಂತೆ ಓದುತ್ತಾ ಹೋಗುತ್ತದೆ. ಆ ಬಿಟ್ 1 ಇರುವ ಕಾರ್ಡ್ ಬಸ್ಸಿನ ಮೇಲೆ ಮೊದಲು 55, ಬಳಿಕ ಎಎ ಇಡುತ್ತದೆ. 0 ಇರುವ ಕಾರ್ಡ್ ಸುಮ್ಮನಿದ್ದು ಕಿವಿಗೊಡುತ್ತದೆ. 55, ಎಎ ಕೇಳಿಸಿದರೆ ಈ ಸುತ್ತಿನಿಂದ ಹೊರಬೀಳುತ್ತದೆ. 72 ಜೋಡಿ ಮುಗಿಯುವಾಗ ಕಣದಲ್ಲಿ ಒಂದೇ ಕಾರ್ಡ್ ಉಳಿದಿರುತ್ತದೆ, ಅದಕ್ಕೊಂದು ಸಂಖ್ಯೆ ಕೊಟ್ಟು ಮುಂದಿನ ಸುತ್ತು. ಜೋಡಿಗಳ ನಡುವೆ 250 ಮೈಕ್ರೋಸೆಕೆಂಡ್ ಕಾಯಲೇಬೇಕು. ಒಂದೇ ಕ್ರಮಸಂಖ್ಯೆ ಬರೆದು ಮಾರಿದ ಅಗ್ಗದ ಕಾರ್ಡುಗಳನ್ನು ಒಂದೇ ಯಂತ್ರದಲ್ಲಿ ಎರಡು ಹಾಕಿದರೆ ಎರಡೂ ಗೆಲ್ಲುತ್ತವೆ, ಎರಡಕ್ಕೂ ಒಂದೇ ಸಂಖ್ಯೆ ಸಿಗುತ್ತದೆ. ಆಮೇಲೆ ನಡೆಯುವುದಕ್ಕೆ ಯಾರೂ ಜವಾಬ್ದಾರರಲ್ಲ.

ಓದುವ ಪೋರ್ಟಿನ ಆಯ್ಕೆಯಲ್ಲೂ ಒಂದು ಗುಂಡಿಯಿದೆ. ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡುಗಳ ಕೆಲವು ಪೋರ್ಟುಗಳನ್ನು ಸುಮ್ಮನೆ ಓದಿದರೂ ಯಂತ್ರ ಹೆಪ್ಪುಗಟ್ಟಿ ನಿಲ್ಲಬಹುದು. ಅದಕ್ಕೇ ಲಿನಕ್ಸ್ ಕರ್ನಲ್ ಓದುವ ಪೋರ್ಟನ್ನು ಹುಡುಕುವಾಗ ಹೆಕ್ಸ್ 280ರಿಂದ 380ರವರೆಗಿನ ಜಾಗವನ್ನು ಮುಟ್ಟದೆ ದಾಟಿಹೋಗುತ್ತದೆ.

ಬೇರ್ಪಟ್ಟ ಕಾರ್ಡ್ ತನ್ನೊಳಗಿನ ಒಂದೊಂದು ಸಾಧನಕ್ಕೂ ಏನೇನು ಬೇಕೆಂದು ಪಟ್ಟಿ ಒಪ್ಪಿಸುತ್ತದೆ. ಸೌಂಡ್ ಕಾರ್ಡ್ ಒಂದರಲ್ಲೇ ಧ್ವನಿ, ಜಾಯ್‌ಸ್ಟಿಕ್, ಸಿಡಿ ಇಂಟರ್‌ಫೇಸ್ ಬೇರೆ ಬೇರೆ ಸಾಧನಗಳು. ಪಟ್ಟಿಯಲ್ಲಿ ಪರ್ಯಾಯಗಳೂ ಇರುತ್ತವೆ: 220 ಮತ್ತು 5 ಆದರೆ ಉತ್ತಮ, ಇಲ್ಲವಾದರೆ ಇಂತಿಂಥದ್ದು ಆದೀತು ಎಂಬಂತೆ. ಆರಿಸಿದ ಪೋರ್ಟನ್ನು ಕಾರ್ಡಿನ ರಿಜಿಸ್ಟರ್ ಹೆಕ್ಸ್ 60ರಿಂದ ಮುಂದಕ್ಕೆ, ಇಂಟರಪ್ಟನ್ನು 70ಕ್ಕೆ, ಡಿಎಂಎಯನ್ನು 74ಕ್ಕೆ ಬರೆದು, ಕೊನೆಗೆ 30ಕ್ಕೆ 1 ಬರೆದರೆ ಸಾಧನ ಜೀವಂತ. ಈ ಕೊನೆಯ ಹೆಜ್ಜೆ ಬಿಟ್ಟುಹೋಗುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ವಿಳಾಸವೆಲ್ಲ ಸರಿಯಿದ್ದು ಡ್ರೈವರ್ ‘ಸಾಧನವಿಲ್ಲ’ ಎಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ವಿಂಡೋಸ್ 95 ಬಂದದ್ದು 1995ರ ಆಗಸ್ಟಿನಲ್ಲಿ. ‘ಪ್ಲಗ್ ಅಂಡ್ ಪ್ರೇ’ ಎಂಬ ಗೇಲಿಯೂ ಹಿಂದೆಯೇ ಬಂತು, ಕಾರಣವೂ ಇತ್ತು. ಅದೇ ಯಂತ್ರದಲ್ಲಿದ್ದ ಜಂಪರ್ ಕಾರ್ಡುಗಳು ತಮ್ಮ ಇಂಟರಪ್ಟ್ ಯಾವುದೆಂದು ಯಾರಿಗೂ ಹೇಳುವುದಿಲ್ಲ. ಖಾಲಿಯೆಂದು ತಿಳಿದು ಕೊಟ್ಟ ಗೆರೆಯಲ್ಲಿ ಮೊದಲೇ ಒಬ್ಬರು ಕೂತಿರುತ್ತಿದ್ದರು. ಸಾಲದ್ದಕ್ಕೆ ಹಂಚುವವರು ಈಗ ಇಬ್ಬರು, ಬಯಾಸ್ (ಯಂತ್ರ ಚಾಲೂ ಆದಾಗ ಮೊದಲು ಓಡುವ ಫರ್ಮ್‌ವೇರ್) ಮತ್ತು ಆಪರೇಟಿಂಗ್ ಸಿಸ್ಟಂ. ಒಂದೇ ಒರೆಯಲ್ಲಿ ಎರಡು ಕತ್ತಿ. ಬಯಾಸ್ ಸೆಟಪ್ಪಿನಲ್ಲಿದ್ದ ‘ಪ್ಲಗ್ ಅಂಡ್ ಪ್ಲೇ ಓಎಸ್: ಹೌದು/ಇಲ್ಲ’ ಎಂಬ ಸಾಲು ಹುಟ್ಟಿದ್ದೇ ಈ ತಕರಾರಿಗಾಗಿ. ‘ಹೌದು’ ಎಂದರೆ ಬೂಟಿಗೆ ಬೇಕಾದ ಸಾಧನಗಳನ್ನಷ್ಟೇ ಬಯಾಸ್ ಸಿದ್ಧಪಡಿಸಿ ಉಳಿದವನ್ನು ಕೈಬಿಡುತ್ತದೆ. ‘ಇಲ್ಲ’ ಎಂದರೆ ಎಲ್ಲವನ್ನೂ ತಾನೇ ಹಂಚುತ್ತದೆ.

ಆ ಕಾಲದ ಲಿನಕ್ಸಿಗೆ ‘ಇಲ್ಲ’ ಎಂಬುದೇ ಸರಿಯಾದ ಉತ್ತರ, ಏಕೆಂದರೆ ಕರ್ನಲ್ಲಿಗೆ ಐಸಾ ಹಂಚಿಕೆ ಬರುತ್ತಲೇ ಇರಲಿಲ್ಲ. ಆ ಕೆಲಸ ಐಸಾಪಿಎನ್‌ಪಿ ಟೂಲ್ಸ್ ಎಂಬ ಹೊರಗಿನ ಸಾಧನಗಳದ್ದಾಗಿತ್ತು. ಪಿಎನ್‌ಪಿಡಂಪ್ ಕಾರ್ಡುಗಳ ಪಟ್ಟಿಯನ್ನು ಕಡತಕ್ಕೆ ಇಳಿಸುತ್ತದೆ. ಅದರಲ್ಲಿ ಎಲ್ಲ ಆಯ್ಕೆಗಳೂ ಕಾಮೆಂಟ್ ಆಗಿರುತ್ತವೆ, ಬೇಕಾದ ಸಾಲುಗಳ ಮುಂದಿನ ಚಿಹ್ನೆಯನ್ನು ನಾವೇ ತೆಗೆಯಬೇಕು, ಸಾಧನವನ್ನು ಚಾಲೂ ಮಾಡುವ ಕೊನೆಯ ಸಾಲನ್ನೂ ಸೇರಿಸಿ. ನಂತರ ಐಸಾಪಿಎನ್‌ಪಿ ಎಂಬ ಆದೇಶ ಅದನ್ನು ಕಾರ್ಡಿಗೆ ಬರೆಯುತ್ತದೆ. ಇದು ಓಡುವುದು ಕರ್ನಲ್ ಎದ್ದ ಮೇಲೆ. ಆದ್ದರಿಂದ ಡ್ರೈವರನ್ನು ಕರ್ನಲ್ಲಿಗೇ ಬೆಸೆದಿದ್ದರೆ ಅದು ಇನ್ನೂ ನಿದ್ದೆಯಲ್ಲಿರುವ ಕಾರ್ಡನ್ನು ಹುಡುಕಿ ಕೈಚೆಲ್ಲುತ್ತದೆ. ಡ್ರೈವರ್ ಮಾಡ್ಯೂಲ್ ಆಗಿರಲೇಬೇಕು.

2001ರ 2.4 ಕರ್ನಲ್ಲಿನಲ್ಲಿ ಈ ಕೆಲಸ ಒಳಗೆ ಬಂತು. 2003ರ ಡಿಸೆಂಬರಿನ 2.6ರ ಹೊತ್ತಿಗೆ ಆಡಂ ಬೆಲೇ ಬರೆದ ಹೊಸ ಪಿಎನ್‌ಪಿ ಪದರ ಸಿದ್ಧವಾಗಿ, ಡ್ರೈವರ್ ಬರೆಯುವವರು ಸಾಧನದ ವಿವರ ಐಸಾದಿಂದ ಬಂತೋ ಬಯಾಸಿನಿಂದ ಬಂತೋ ಎಂದು ನೋಡುವ ಗೋಜೇ ಇಲ್ಲವಾಯಿತು. ಡ್ರೈವರ್ ತನಗೆ ಗೊತ್ತಿರುವ ಗುರುತುಗಳ ಪಟ್ಟಿ ಕೊಡುತ್ತದೆ, ಹೊಂದಿಕೆಯಾದ ಸಾಧನಕ್ಕೆ ಕರ್ನಲ್ ಸಂಪನ್ಮೂಲ ಹಂಚಿ, ಚಾಲೂ ಮಾಡಿ, ಆಮೇಲೆ ಡ್ರೈವರನ್ನು ಕರೆಯುತ್ತದೆ. ಹಂಚುವಾಗ ಕರ್ನಲ್ ಇಂಟರಪ್ಟುಗಳನ್ನು ಪರೀಕ್ಷಿಸುವ ಕ್ರಮ ಕೋಡಿನಲ್ಲೇ ಇದೆ: 5, 10, 11, 12, 9, 14, 15, 7, 3, 4 ಎಂದು ಸಾಗುತ್ತದೆ. ಜಂಪರ್ ಯುಗದ ಅನುಭವವನ್ನೇ ಸಾಲಾಗಿ ಬರೆದಿಟ್ಟಂತಿದೆ. ಹಳೆಯ ಜಂಪರ್ ಕಾರ್ಡ್ 5ರಲ್ಲಿ ಕೂತಿದ್ದರೆ, ಬೂಟ್ ಆದೇಶದಲ್ಲಿ ‘ಪಿಎನ್‌ಪಿ ರಿಸರ್ವ್ ಐಆರ್‌ಕ್ಯು’ ಆಯ್ಕೆಗೆ 5 ಕೊಟ್ಟು ಕರ್ನಲ್ಲನ್ನು ಅತ್ತ ಹೋಗದಂತೆ ತಡೆಯಬಹುದು.

ಮದರ್‌ಬೋರ್ಡಿನ ಮೇಲೇ ಇದ್ದ ಸಾಧನಗಳಿಗೆ ಪಿಎನ್‌ಪಿ ಬಯಾಸ್ ಎಂಬ ಇನ್ನೊಂದು ದಾರಿಯಿತ್ತು. ಕರ್ನಲ್ 16 ಬಿಟ್‌ನ ಬಯಾಸ್ ಕೋಡನ್ನೇ ಕರೆದು ವಿವರ ಕೇಳಬೇಕು. ಆ ಕೋಡ್ ತನ್ನದಲ್ಲದ ನೆನಪಿಗೆ ಕೈಹಾಕಿದರೆ ಕುಸಿಯುವುದು ಕರ್ನಲ್. ಇಂಥ ಬಯಾಸುಗಳು ಎಷ್ಟು ಸಿಕ್ಕವೆಂದರೆ, ಕುಸಿತವನ್ನು ಹಿಡಿದು ಮುಂದುವರಿಯುವ ಏರ್ಪಾಡನ್ನೇ ಕರ್ನಲ್ಲಿಗೆ ಹಾಕಬೇಕಾಯಿತು.

ಅಷ್ಟರಲ್ಲಿ ಐಸಾದ ಬಳಿಕ ಬಂದ ಪಿಸಿಐ ಬಸ್ ಈ ರಗಳೆಯ ಬಹುಪಾಲನ್ನು ಸದ್ದಿಲ್ಲದೆ ಮುಗಿಸಿತ್ತು: ಸ್ಲಾಟಿಗೊಂದು ವಿಳಾಸ, ಪ್ರತಿ ಕಾರ್ಯಕ್ಕೂ 256 ಬೈಟ್ ಕಾನ್ಫಿಗರೇಷನ್ ಜಾಗ, ಹಂಚಿಕೊಳ್ಳಬಲ್ಲ ಇಂಟರಪ್ಟ್. ಸೀರಿಯಲ್ ಪೋರ್ಟ್, ಕೀಬೋರ್ಡ್ ನಿಯಂತ್ರಕಗಳಂಥ ಹಳಬರು ಮಾತ್ರ ಪಿಸಿಐಗೆ ಬಾರದೆ ಉಳಿದರು. 1996ರ ಡಿಸೆಂಬರಿನಲ್ಲಿ ಬಂದ ಎಸಿಪಿಐ, ಅಂದರೆ ಫರ್ಮ್‌ವೇರ್ ಯಂತ್ರದ ವಿವರಗಳನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ಒಪ್ಪಿಸುವ ನಿಯಮಾವಳಿ, ಅವರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಇಂದು ಲಿನಕ್ಸ್ ಹೇಳುವ ಪಿಎನ್‌ಪಿ ಸಾಧನಗಳೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಬಂದವು.

ಅವುಗಳ ಹಂಚಿಕೆಯನ್ನು ಕೈಯಾರೆ ಬದಲಿಸಬೇಕಾಗಿ ಬಂದರೆ ದಾರಿ, ಸಾಧನಗಳನ್ನು ಕಡತಗಳಂತೆ ತೋರಿಸುವ ಲಿನಕ್ಸಿನ ಸಿಸ್‌ಎಫ್‌ಎಸ್ ಮೂಲಕ. ಬಸ್ ಒಳಗಿನ ಪಿಎನ್‌ಪಿ ಕೋಶದಲ್ಲಿ ಪ್ರತಿ ಸಾಧನಕ್ಕೂ ಮೂರು ಮುಖ್ಯ ಕಡತಗಳಿವೆ: ಐಡಿ, ಆಪ್ಷನ್ಸ್, ರಿಸೋರ್ಸಸ್. ಮೊದಲು ಡ್ರೈವರಿನ ಅನ್‌ಬೈಂಡ್ ಕಡತಕ್ಕೆ ಸಾಧನದ ಹೆಸರು ಬರೆದು ಬಿಡಿಸಿಕೊಳ್ಳಿ. ಡ್ರೈವರ್ ಹಿಡಿದಿರುವ ಸಾಧನವನ್ನು ಮುಟ್ಟಲು ಹೋದರೆ ಬಳಕೆಯಲ್ಲಿದೆ ಎಂದು ಕರ್ನಲ್ ನಿರಾಕರಿಸುತ್ತದೆ. ನಂತರ ರಿಸೋರ್ಸಸ್ ಕಡತಕ್ಕೆ ‘ಡಿಸೇಬಲ್’, ಆಮೇಲೆ ‘ಸೆಟ್’ ಜೊತೆಗೆ ಪೋರ್ಟ್ ಮತ್ತು ಇಂಟರಪ್ಟ್, ಕೊನೆಗೆ ‘ಆಕ್ಟಿವೇಟ್’. ಈ ಕ್ರಮ ತಪ್ಪಬಾರದು, ಚಾಲೂ ಇರುವ ಸಾಧನಕ್ಕೆ ‘ಸೆಟ್’ ಹಿಡಿಯುವುದಿಲ್ಲ. ಆಪ್ಷನ್ಸ್ ಖಾಲಿಯಿದ್ದರೆ ಅಥವಾ ಬದಲಿಸುವ ಎಸ್‌ಆರ್‌ಎಸ್ ವಿಧಾನವನ್ನು ಫರ್ಮ್‌ವೇರ್ ಕೊಟ್ಟಿರದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಹಂಚುವವನು ಮತ್ತೆ ಫರ್ಮ್‌ವೇರೇ. ಸೆಟಪ್ಪಿಗೆ ಹೋಗಿ ಬದಲಿಸಬೇಕು.

ಎಸಿಪಿಐ ಈ ಸಂಪನ್ಮೂಲಗಳನ್ನು ಬರೆದಿಡುವುದು ಐಸಾ ಕಾರ್ಡುಗಳ ಪಟ್ಟಿಯಿಂದ ಬಂದ ಬೈಟ್ ವಿನ್ಯಾಸದಲ್ಲೇ. ಅದರ ಚಿಕ್ಕ ಇಂಟರಪ್ಟ್ ನಮೂದಿನಲ್ಲಿ ಗೆರೆಗೊಂದು ಬಿಟ್‌ನಂತೆ ಒಟ್ಟು 16 ಬಿಟ್‌ಗಳಿವೆ, ಎಟಿಯಲ್ಲಿ ಇದ್ದದ್ದು 16 ಗೆರೆ ಎಂಬ ಒಂದೇ ಕಾರಣಕ್ಕೆ. 15 ದಾಟಿದ ಇಂಟರಪ್ಟುಗಳಿಗೆ ಬೇರೆಯೇ ಒಂದು ನಮೂದನ್ನು ಆಮೇಲೆ ಸೇರಿಸಬೇಕಾಯಿತು.